ನಾನು ಒಂದು ತಾಸಿನ ಹರಣಶಿಕಾರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ವಾರದ ಕತೆಯಲ್ಲಿ ಮೂರ್ಖ ನಾನೇ. ಹುಡುಕುವ ಕಷ್ಟ ನಿಮಗೆ ಬೇಡ.

ಕೆಲವು ವಾರಗಳ ಹಿಂದೆ ಕೊಪ್ಪಳದ ಒಂದು ಸಭಾಂಗಣದಲ್ಲಿ ನಾನು ಒಂದು ತಾಸು ಹರಣಶಿಕಾರಿಯಾಗಿದ್ದೆ. ಹುಟ್ಟಿನಿಂದಲ್ಲ, ಬಾಡಿಗೆಯಿಂದ. ಸೊಂಟಕ್ಕೆ ಪ್ಲಾಸ್ಟಿಕ್ ಎಲೆಗಳ ಲಂಗ, ತಲೆಗೆ ಕೋಳಿ ಪುಕ್ಕ, ಮುಖಕ್ಕೆ ಇದ್ದಿಲು. ಅಷ್ಟಕ್ಕೇ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮುಖ್ಯ ಅತಿಥಿಗಳು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಜನಕ್ಕೆ ಏನು ಬೇಕು, ಕೇಳಪ್ಪಾ" ಎಂದರು.

ಹುಟ್ಟಿನಿಂದಲೇ ಹರಣಶಿಕಾರಿಯಾದ ದುರ್ಗಪ್ಪಜ್ಜ ಅದೇ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. (ತಪ್ಪಾಯಿತು, ಕೇಳಿದರು. ಗೇಟಿನಲ್ಲಿ ಪೊಲೀಸಿನವರು, "ಲೇ ಮುದುಕಾ, ಎಲ್ಲಿಗೆ ಹೊಂಟಿ?" ಎಂದು ಕೇಳಿದರು.)

ಹರಣಶಿಕಾರಿಗಳು ಅಂದರೆ ಯಾರು ಗೊತ್ತಲ್ಲ? ಒಂದು ಕಾಲಕ್ಕೆ ಜಿಂಕೆ, ಮೊಲ, ಕೌಜುಗದ ಹಕ್ಕಿ ಹಿಡಿದು ಬದುಕುತ್ತಿದ್ದ ಜನ. ಈಗ ಬಸ್‌ಸ್ಟ್ಯಾಂಡಿನಲ್ಲಿ ಪಿನ್ನು, ಬಾಚಣಿಗೆ, ಮಣಿಸರ ಮಾರುತ್ತಾರೆ. ನೀವು ಅವರನ್ನು ಖಂಡಿತ ನೋಡಿದ್ದೀರಿ. ನೋಡಿದ ಕೂಡಲೇ ನಿಮ್ಮ ಜೇಬು ಮುಟ್ಟಿ ನೋಡಿಕೊಂಡಿದ್ದೀರಿ. (ನಾನೂ ನೋಡಿಕೊಂಡಿದ್ದೇನೆ. ನನ್ನ ಜೇಬಿನಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ, ಆದರೂ.)

ಹೊಸದಾಗಿ ಈ ಅಂಕಣಕ್ಕೆ ಬಂದವರಿಗೆ ಒಂದು ಮಾತು. ನಾನು ಮಿಮಿಕ್ರಿ ಮಾಡುವವನು. ಗಣೇಶನ ಪೆಂಡಾಲು, ಕಾಲೇಜು ಗ್ಯಾದರಿಂಗು, ಮದುವೆಯಲ್ಲಿ ಊಟ ತಡವಾದಾಗ ಜನ ಎದ್ದು ಹೋಗದಂತೆ ತಡೆಯುವ ಹದಿನೈದು ನಿಮಿಷ, ಇವೇ ನನ್ನ ಹೊಟ್ಟೆಪಾಡು. ಕುಷ್ಟಗಿ ಬಸ್ಸಿನ ಕಂಡಕ್ಟರು "ಮುಂದ ಸರೀರಿ" ಅನ್ನುವುದಕ್ಕೂ ಗಂಗಾವತಿ ಬಸ್ಸಿನ ಕಂಡಕ್ಟರು ಅದನ್ನೇ ತೆಲುಗು ಒಗ್ಗರಣೆ ಹಾಕಿ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಜನಕ್ಕೆ ತೋರಿಸುತ್ತೇನೆ. ಯಲಬುರ್ಗಾದ ನನ್ನ ಸೋದರಮಾವ ಫೋನಿನಲ್ಲಿ ಮಾತಾಡುವುದನ್ನು ಅವರ ಮಗಳ ಮದುವೆಯಲ್ಲೇ ಮಾಡಿ ತೋರಿಸಿದ್ದರಿಂದ ಈಗ ಆ ಮನೆಗೆ ನನಗೆ ಪ್ರವೇಶವಿಲ್ಲ. ನನ್ನನ್ನೇ ನಾನು ಮಾಡುವುದೂ ಉಂಟು: ಹೆದರಿಕೆಯಾದಾಗಲೆಲ್ಲ ಜೋಕು ಹೊಡೆಯುವ ಒಬ್ಬ ಪುಕ್ಕಲ. ಆ ಐಟಂಗೆ ಯಾವಾಗಲೂ ಒನ್ಸ್ ಮೋರ್ ಬೀಳುತ್ತದೆ.

ಇಂಥ ನನಗೆ ಒಂದು ದಿನ ಒಂದು ಸರ್ಕಾರಿ ಕಚೇರಿಯ ಮ್ಯಾನೇಜರ್ ಸಾಹೇಬರು ಫೋನು ಮಾಡಿದರು.

"ನೋಡ್ರಿ, ಬುಡಕಟ್ಟು ಜನರ ದಿನಾಚರಣಿ ಇಟ್ಟೀವಿ. ನೀವು ಅರ್ಧಾ ತಾಸು ಏನರ ಮಾಡ್ರಿ. ಹುಲಿ, ಕರಡಿ, ಹಕ್ಕಿ... ಒಟ್ಟು ಕಾಡು ಅನಸಬೇಕು."

"ಸರ, ಬುಡಕಟ್ಟಿನ ಕಲಾವಿದರನ್ನ ಕರಸಬಹುದಲ್ರಿ?"

"ಕರದೀವ್ರಿ. ಆದ್ರ ಅವರು ಪ್ಯಾಂಟು ಶರ್ಟು ಹಾಕ್ಕೊಂಡು ಬರ್ತಾರ. ಫೋಟೋದಾಗ ಬುಡಕಟ್ಟು ಅಂತ ಅನಸಂಗಿಲ್ಲ. ನೀವು ವೇಷ ಹಾಕ್ಕೊಂಡ ಬರ್ರಿ."

ನನಗೆ ಆಗಲೇ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಿತು. 'ಹಕ್ಕಿ ಕೂಗು ಕಲಿಯಬೇಕು' ಎಂದು ಅನ್ನಿಸಿತು. ನನ್ನ ಬಳಿ ಇದ್ದದ್ದು ನಾಯಿ, ಬೆಕ್ಕು, ಹುಂಜ, ಕಾಗೆ ಮತ್ತು ಮೂರು ಕಂಪನಿಯ ರಿಂಗ್‌ಟೋನು. ಇದರಲ್ಲಿ ಕಾಡು ಎಲ್ಲಿದೆ?

ಹಾಗೆ ಸಿಕ್ಕವಳು ರೇಣವ್ವ.

ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಅವಳ ದನಿ ಎಲ್ಲ ಹಾರ್ನುಗಳ ಮೇಲೆ ತೇಲುತ್ತದೆ. "ಪಿನ್ನ... ಸೂಜೀ... ಬಾಚಣ್ಗೀ..." ಕೊನೆಯ ಅಕ್ಷರವನ್ನು ಎಳೆದು, ಸಟ್ಟನೆ ಕತ್ತರಿಸುತ್ತಾಳೆ. ನನ್ನಂಥವನ ಕಿವಿಗೆ ಇಂಥದ್ದು ಬಿದ್ದರೆ ಬಾಯಿ ಸುಮ್ಮನಿರುತ್ತದೆಯೇ? ಅವಳ ಹಿಂದೆಯೇ ನಿಂತು ಹಾಗೇ ಕೂಗಿದೆ. ಹೊಸಪೇಟೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ನನ್ನ ಕಡೆ ತಿರುಗಿ, "ಪಿನ್ನ ಹೆಂಗ?" ಎಂದರು.

ರೇಣವ್ವ ಬುಟ್ಟಿ ಇಳಿಸಿ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಅರವತ್ತರ ಆಸುಪಾಸು. ಹಣೆಯಲ್ಲಿ ಹಚ್ಚೆ, ಬಾಯಲ್ಲಿ ಎಲೆಅಡಿಕೆ.

"ಯಾಕಲೇ ತಮ್ಮಾ, ನನ್ನ ಗಿರಾಕಿ ಕಸಗೊಳ್ಳಾಕ ಬಂದೀಯೇನು? ಬುಟ್ಟಿ ತಗೋ, ಹೊತಗೊಂಡ ತಿರುಗು. ಬರೇ ಕೂಗಿದ್ರ ಹೊಟ್ಟಿ ತುಂಬತೈತೇನು?"

ನಾನು ಹಲ್ಲುಕಿರಿದೆ. ಅವಳು ನನ್ನ ಹಾಗೆಯೇ ಹಲ್ಲುಕಿರಿದಳು. ತಲೆಯನ್ನು ನನ್ನ ಹಾಗೇ ಒಂದು ಕಡೆ ವಾಲಿಸಿ, ಕೂದಲನ್ನು ನನ್ನ ಹಾಗೇ ಹಿಂದಕ್ಕೆ ತಳ್ಳಿ. ಹೆಂಗಸರಿಬ್ಬರೂ ಬಿದ್ದು ಬಿದ್ದು ನಕ್ಕರು. ಊರ ಜನರನ್ನೆಲ್ಲ ಆಡಿಕೊಂಡು ತಿಂದ ನನ್ನನ್ನು ಮೊಟ್ಟಮೊದಲ ಸಲ ಒಬ್ಬರು ಹಾಗೆ ಆಡಿಕೊಂಡದ್ದು. ಆ ಕ್ಷಣವೇ ಅವಳಿಗೆ ಶರಣಾದೆ.

"ಯವ್ವಾ, ನನಗ ಕೌಜುಗದ ಕೂಗು ಕಲಸ್ತೀಯೇನು?"

"ನಮ್ಮ ಮುದುಕನ್ನ ಕೇಳು. ಜೀವ ಇರೂದ್ರೊಳಗ ಕೇಳು" ಎಂದಳು.

ಗಂಗಾವತಿ ದಾಟಿ, ಕಾಲುವೆ ದಾಟಿ, ಭತ್ತದ ಹಸಿರು ಮುಗಿದು ಕಲ್ಲುಬಂಡೆ ಶುರುವಾಗುವ ಜಾಗದಲ್ಲಿ ಅವರ ಗುಡಿಸಲುಗಳಿವೆ. ಗುಡಿಸಲು ಅಂದರೆ ಸಿನಿಮಾದ ಹುಲ್ಲಿನ ಗುಡಿಸಲಲ್ಲ. ಕೆಳಗೆ ಕಲ್ಲು, ಸುತ್ತ ಹಳೇ ಸೀರೆ, ಮೇಲೆ ಚುನಾವಣೆಯ ಫ್ಲೆಕ್ಸು. ರೇಣವ್ವನ ಗಂಡ ದುರ್ಗಪ್ಪಜ್ಜ ಮಲಗಿದ್ದ ಗುಡಿಸಲಿನ ಮಾಡಿನಲ್ಲಿ ಯಾರೋ ಒಬ್ಬ ನಾಯಕರು ತಲೆಕೆಳಗಾಗಿ ಕೈಮುಗಿಯುತ್ತಿದ್ದರು. "ದಿನಾ ಮುಂಜಾನೆ ಕಣ್ಣ ತಗದ್ರ ಅವರದ ದರ್ಶನ" ಎಂದ ಅಜ್ಜ. "ನನಗ ಇಷ್ಟ ಸಲ ಯಾರೂ ಕೈ ಮುಗದಿಲ್ಲ ತಮ್ಮಾ."

ಹುಡುಗನಾಗಿದ್ದಾಗ ಯಲಬುರ್ಗಾದಿಂದ ಕುಷ್ಟಗಿ ತನಕ ಬಲೆ ಹೊತ್ತು ನಡೆದವನು. ಈಗ ಹಾಸಿಗೆಯಿಂದ ಬಾಗಿಲ ತನಕ ನಡೆದರೆ ದಮ್ಮು ಹತ್ತುತ್ತಿತ್ತು. ನಾನು ಬಂದ ಕಾರಣ ಕೇಳಿ ಎದ್ದು ಕೂತ. ತುಟಿ ಚೂಪು ಮಾಡಿ ಊದಿದ. ಬರೇ ಗಾಳಿ ಬಂತು.

"ಹಲ್ಲ ಇಲ್ಲಲೇ. ಹಲ್ಲ ಇದ್ದಾಗ ಬಂದಿದ್ರ ಗುಡ್ಡದಾಗಿನ ಹಕ್ಕಿ ಎಲ್ಲಾ ನಿನ್ನ ಮುಂದ ಕುಂದರಸ್ತಿದ್ದೆ."

"ಹಲ್ಲ ಇದ್ದಾಗ ನಾ ಹುಟ್ಟಿರಲಿಲ್ಲಲ್ಲ ಯಜ್ಜಾ."

"ಅದು ನಿಂದ ತಪ್ಪು."

ಆಮೇಲೆ ಇಡೀ ಮಧ್ಯಾಹ್ನ ಪಾಠ. ಅಜ್ಜ ಗಾಳಿ ಬಿಡುವುದು, ನಾನು ಅದನ್ನು ಕೂಗಾಗಿ ಮಾಡುವುದು, ರೇಣವ್ವ ಅಡುಗೆ ಒಲೆಯ ಹತ್ತಿರದಿಂದ, "ಅದು ಕೌಜುಗ ಅಲ್ಲ, ಕುಕ್ಕರ್ ಸೀಟಿ" ಎಂದು ತೀರ್ಪು ಕೊಡುವುದು. ಟಿ-ಟಿ-ತ್ರೀ. ಟಿ-ಟಿ-ತ್ರೀ. ಸಂಜೆಗೆ ಸ್ವಲ್ಪ ಹದಕ್ಕೆ ಬಂತು. ಹಿಂದೆಲ್ಲ ಬಾಯಲ್ಲಿ ಕೂಗುವುದರ ಜೊತೆಗೆ ಸಾಕಿದ ಕೌಜುಗವೊಂದನ್ನು ಪಂಜರದಲ್ಲಿ ಇಟ್ಟು ಸುತ್ತ ಉರುಳು ಹರಡುತ್ತಿದ್ದರಂತೆ. ಸಾಕಿದ್ದು ಕೂಗಿದರೆ, ಯಾವನೋ ಹೊಸಬ ತನ್ನ ಜಾಗಕ್ಕೆ ಬಂದನೆಂದು ಕಾಡಿನದು ಜಗಳಕ್ಕೆ ಓಡಿ ಬಂದು ಉರುಳಿಗೆ ಬೀಳುತ್ತಿತ್ತಂತೆ.

"ಅಲ್ಲ ಯಜ್ಜಾ, ಪಂಜರದಾಗಿನದ್ದಕ್ಕ ಗೊತ್ತಿರತೈತೇನು, ತನ್ನ ಕೂಗಿಗೆ ಬಂದದ್ದು ಸಾಯತೈತಿ ಅಂತ?"

"ಗೊತ್ತಿದ್ದರೂ ಕೂಗತೈತಿ. ಕಾಳು ಹಾಕ್ತೀವಲ್ಲ."

ಈಗ ಉರುಳೂ ಇಲ್ಲ, ಪಂಜರವೂ ಇಲ್ಲ. ಹಕ್ಕಿ ಹಿಡಿದರೆ ಕಾನೂನು ಇವರನ್ನು ಹಿಡಿಯುತ್ತದೆ. ಕಾನೂನು ಸರಿಯೇ ಇರಬಹುದು, ಹಕ್ಕಿಯೂ ಬದುಕಬೇಕು. ಆದರೆ ಹಕ್ಕಿ ಬಿಡು ಎಂದು ಹೇಳಲು ಬಂದ ಜೀಪು ಮತ್ತೇನು ಹಿಡಿಯಬೇಕು ಎಂದು ಹೇಳಲು ಮತ್ತೆ ಬರಲಿಲ್ಲ. ಬಂದದ್ದು ಬೇರೆ ಜೀಪು. ಪೇಟೆಯಲ್ಲಿ ಎಲ್ಲಿ ಸರಗಳ್ಳತನವಾದರೂ ಮೊದಲು ಇಲ್ಲಿಗೇ. "ನಮ್ಮ ಓಣಿ ಗೂಗಲ್ ಮ್ಯಾಪಿನಾಗ ಇಲ್ಲ ಅಂತಾರ. ಪೊಲೀಸರಿಗೆ ಮಾತ್ರ ಕಣ್ಣ ಮುಚ್ಚಿದ್ರೂ ಸಿಗತೈತಿ" ಎಂದಳು ರೇಣವ್ವ.

ಹೊರಡುವಾಗ ಗುರುದಕ್ಷಿಣೆ ಎಂದು ಜೇಬಿಗೆ ಕೈಹಾಕಿದೆ. ಅಜ್ಜ ನನ್ನ ಮಣಿಕಟ್ಟು ಹಿಡಿದ.

"ರೊಕ್ಕ ಬ್ಯಾಡ. ಒಂದು ಮಾತು ಬೇಕು."

"ಹೇಳು ಯಜ್ಜಾ."

"ಆ ಸಭಾಕ್ಕ ದೊಡ್ಡವರು ಬರ್ತಾರಂತಲ್ಲ. ನಿನ್ನ ಕೈಯಾಗ ಮೈಕು ಇರತೈತಿ. ಅವರಿಗೆ ಹೇಳು, ಹರಣಶಿಕಾರ್ಯಾರಿಗೆ ಹೆಣ ಹೂಳಾಕ ಜಾಗ ಇಲ್ಲ ಅಂತ. ಅಷ್ಟ."

ಕೈಚಾಚಿ ತೋರಿಸಿದ. ಬಂಡೆಗಳ ಆಚೆ ಒಂದು ಇಳಿಜಾರು. ಅವನ ಅಪ್ಪ, ಅವ್ವ, ಇಬ್ಬರು ಮಕ್ಕಳು ಎಲ್ಲ ಅಲ್ಲೇ ಮಲಗಿದ್ದಾರೆ. ಈಗ ಅದರ ಸುತ್ತ ತಂತಿಬೇಲಿ. ಒಳಗೆ ಬಣ್ಣ ಬಳಿದ ಗೂಟಗಳು. ಯಾರೋ ಲೇಔಟು ಮಾಡುತ್ತಿದ್ದಾರಂತೆ. ಕೇಳಲು ಹೋದರೆ, ಆ ಜಮೀನು ಎಂದೂ ನಿಮ್ಮದಾಗಿರಲಿಲ್ಲ ಎಂದರಂತೆ. ನಿಜ, ಆಗಿರಲಿಲ್ಲ. ಅಲ್ಲಿ ಸತ್ತವರು ಮಾತ್ರ ಇವರವರು. ಹತ್ತಿರದ ಊರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ರುದ್ರಭೂಮಿ ಇದೆ. ಇವರದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

"ನಾ ಭಾಳ ದಿನ ಉಳಿಯಂಗಿಲ್ಲ ತಮ್ಮಾ" ಎಂದ ಅಜ್ಜ. ದುಃಖದಿಂದಲ್ಲ, ಬಸ್ಸಿನ ಟೈಮು ಹೇಳುವವರ ಹಾಗೆ. "ಇದ್ದಾಗ ಎಬ್ಬಿಸಿದ್ರು, ಎದ್ದು ಬ್ಯಾರೆ ಕಡೆ ಹ್ವಾದ್ವಿ. ಸತ್ತ ಮ್ಯಾಲ ಎದ್ದು ಎಲ್ಲಿಗೆ ಹೋಗ್ಲಿ?"

"ಆತು ಯಜ್ಜಾ. ನನ್ನ ಮ್ಯಾಲ ಬಿಡು" ಎಂದೆ.

ಇಂಥ ಮಾತು ನಾನು ಜೀವನದಲ್ಲಿ ಎಷ್ಟು ಸಲ ಹೇಳಿದ್ದೇನೋ. ಯಾರೂ ನಿಜವಾಗಿ ಬಿಟ್ಟಿರಲಿಲ್ಲ. ಅಜ್ಜ ಬಿಟ್ಟ.

ಸಭೆಯ ದಿನ. ನಾಟಕದ ಸಾಮಾನು ಬಾಡಿಗೆಗೆ ಕೊಡುವವರಲ್ಲಿ 'ಬೇಡರ ವೇಷ' ಎಂದು ಕೇಳಿದರೆ ಎಲೆ ಲಂಗ ಕೊಟ್ಟರು. ಹಾಕಿಕೊಂಡೆ. ಕನ್ನಡಿ ನೋಡಿದೆ. ಯಾವ ಬುಡಕಟ್ಟಿನವನೂ ಅಲ್ಲ, ಕಸದ ತೊಟ್ಟಿಯಲ್ಲಿ ಬಿದ್ದ ಬೊಕೆ ಎದ್ದು ನಿಂತ ಹಾಗಿತ್ತು. ಮ್ಯಾನೇಜರ್ ಸಾಹೇಬರಿಗೆ ಮಾತ್ರ ಕಣ್ಣು ತುಂಬಿ ಬಂತು. "ನೋಡ್ರಿ, ಇದು ಬೇಕಿತ್ತು ನಮಗ."

ದುರ್ಗಪ್ಪಜ್ಜ ಬಿಳಿ ಅಂಗಿ, ಬಿಳಿ ಧೋತರ, ಟೋಪಿ ಹಾಕಿಕೊಂಡು ಬಂದಿದ್ದ. ರೇಣವ್ವ ಹೊಸ ನೈಲಾನ್ ಸೀರೆ ಉಟ್ಟಿದ್ದಳು. ಸಭೆಗೆ ಹೋಗುವಾಗ ಜನ ಹೀಗೇ ತಾನೇ ಬರುವುದು? ಗೇಟಿನಲ್ಲಿ ತಡೆದು, ಚೀಲ ಬಿಚ್ಚಿಸಿ, ಕೊನೆಗೆ ಹಿಂದಿನ ಸಾಲು ತೋರಿಸಿದರು. ಅದೇ ಗೇಟಿನಲ್ಲಿ ನನ್ನ ಎಲೆ ಲಂಗಕ್ಕೆ ಸೆಲ್ಯೂಟು ಒಂದೇ ಬಾಕಿ. "ಬರ್ರಿ ಬರ್ರಿ, ಕಲಾವಿದರಿಗೆ ಈ ಕಡೆ."

ಮುಖ್ಯ ಅತಿಥಿಗಳ ಭಾಷಣ ಮೊದಲು. ದೊಡ್ಡ ಮನುಷ್ಯರು, ಒಳ್ಳೆಯ ಕಂಠ. ನನ್ನ ಕಿವಿ ನೆಟ್ಟಗಾಯಿತು. ಮೇಷ್ಟರೊಬ್ಬರು ಎದ್ದು ಹಾಸ್ಟೆಲಿನ ಬಗ್ಗೆ ಏನೋ ಕೇಳಿದರು. ಅತಿಥಿಗಳು ಶಾಲನ್ನು ಎಡಹೆಗಲ ಮೇಲೆ ಎಳೆದುಕೊಂಡರು. ಒಮ್ಮೆ ಕೆಮ್ಮಿದರು. ಆಮೇಲೆ ಹೇಳಿದರು: "ಪರಿಶೀಲಿಸಿ... ಸೂ...ಕ್ತ ಕ್ರಮ ಕೈಗೊಳ್ಳಲಾಗುವುದು." ಆ 'ಸೂ' ಇತ್ತಲ್ಲ, ಕೊಪ್ಪಳದಲ್ಲಿ ಹೊರಟು ಗದಗ ಮುಟ್ಟುವಷ್ಟು ಉದ್ದ. ಇಂಥ ಮುತ್ತು ಸಿಕ್ಕರೆ ಮಿಮಿಕ್ರಿಯವನು ಬಿಡುತ್ತಾನೆಯೇ? ಒಳಗೆ ಗಂಟು ಕಟ್ಟಿಟ್ಟುಕೊಂಡೆ.

ನನ್ನ ಸರದಿ ಬಂತು. ಕರಡಿ ಮಾಡಿದೆ. ತೋಳ ಮಾಡಿದೆ. ಕೊನೆಗೆ, ಇದು ಹರಣಶಿಕಾರಿಗಳ ಕೂಗು ಎಂದು ಹೇಳಿ, ಕೌಜುಗ. ಟಿ-ಟಿ-ತ್ರೀ ಎಂದು ಸಭಾಂಗಣದ ಮೂಲೆ ಮೂಲೆಗೆ ಹೊಡೆದೆ. ನಿಜವಾಗಿ ಹೇಳುತ್ತೇನೆ, ಅವತ್ತಿನ ಕೂಗು ಅಜ್ಜನದೇ. ನನ್ನ ಬಾಯಲ್ಲಿ ಅವನ ಹಲ್ಲು ಮತ್ತೆ ಹುಟ್ಟಿದ್ದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅತಿಥಿಗಳು ಕುರ್ಚಿ ಬಿಟ್ಟು ಬಂದರು. ಶಾಲು, ಹಾರ, ಬುಟ್ಟಿ, ಕಿನ್ನಾಳದ ಬಣ್ಣದ ಮರದ ಗಿಳಿಯೊಂದು. ನನ್ನ ಇದ್ದಿಲು ಮುಖವನ್ನು ಅಕ್ಕರೆಯಿಂದ ನೋಡಿದರು. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಹರಣಶಿಕಾರಿ ಎಂದು ನಂಬಿಬಿಟ್ಟಿದ್ದರು. ಹೆಗಲ ಮೇಲೆ ಕೈ ಬಂತು. ಮೈಕು ನನ್ನ ಬಾಯ ಹತ್ತಿರ ಬಂತು.

"ಎಷ್ಟು ತಲೆಮಾರಿಂದ ಕಷ್ಟಪಟ್ಟೀರಿ ನೀವು. ಇವತ್ತು ಸಂಕೋಚ ಬ್ಯಾಡ. ನಿಮ್ಮ ಜನಕ್ಕೆ ಏನು ಬೇಕು, ಕೇಳಪ್ಪಾ."

ಕ್ಯಾಮೆರಾಗಳು ನನ್ನ ಕಡೆ. ಅಧಿಕಾರಿಗಳು ಮುಂದಿನ ಸಾಲಿನಲ್ಲಿ. ಒಂದು ವಾಕ್ಯ. ಹೂಳಲು ಜಾಗ ಇಲ್ಲ. ನಾಲಿಗೆಯ ತುದಿಯಲ್ಲೇ ಇತ್ತು.

ಹೆದರಿಕೆಯಾಯಿತು. 'ನಾನು ಅವನಲ್ಲ' ಎಂದು ಗೊತ್ತಾದರೆ? ಇವರಿಗೆ ಮುಜುಗರವಾದರೆ? ಮುಂದಿನ ಪ್ರೋಗ್ರಾಂ ಹೋದರೆ? ಹೆದರಿಕೆಯಾದಾಗ ನಾನು ಏನು ಮಾಡುತ್ತೇನೆ, ನಿಮಗೆ ಈಗಾಗಲೇ ಹೇಳಿದ್ದೇನೆ.

ಹೊಸ ಶಾಲನ್ನು ಎಡಹೆಗಲ ಮೇಲೆ ಎಳೆದುಕೊಂಡೆ. ಒಮ್ಮೆ ಕೆಮ್ಮಿದೆ. ಅವರದೇ ಕಂಠದಲ್ಲಿ ಅಂದೆ: "ಪರಿಶೀಲಿಸಿ... ಸೂ...ಕ್ತ ಕ್ರಮ ಕೈಗೊಳ್ಳಲಾಗುವುದು."

ಸಭಾಂಗಣದ ಮಾಡು ಹಾರಿಹೋಯಿತು. ಅತಿಥಿಗಳೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಾಳ ಶ್ಯಾಣ್ಯಾ ಅದಾನ!" ಎಂದು ನನ್ನ ಕೆನ್ನೆ ತಟ್ಟಿದರು. ಇದ್ದಿಲು ಅವರ ಕೈಗೆ ಹತ್ತಿತು. ಒರೆಸಿಕೊಳ್ಳಲು ಕರವಸ್ತ್ರ ಬಂತು, ಅಷ್ಟರಲ್ಲಿ ಮೈಕು ಹೋಯಿತು. ವಂದನಾರ್ಪಣೆ ಶುರುವಾಯಿತು. ಕೊನೆಯ ಸಾಲಿನಲ್ಲಿ ಇಬ್ಬರು ನಕ್ಕರೋ ಇಲ್ಲವೋ ಕಾಣಲಿಲ್ಲ. ಸ್ಟೇಜಿನ ಲೈಟು ಕಣ್ಣಿಗೆ ಹೊಡೆಯುತ್ತಿತ್ತು. (ಒಳ್ಳೆಯ ನೆಪ. ಇಟ್ಟುಕೊಂಡಿದ್ದೇನೆ.)

ಊಟಕ್ಕೆ ಗೋಧಿ ಹುಗ್ಗಿ ಇತ್ತು. ಪಂಜರದ ಹಕ್ಕಿಗೆ ಕಾಳು ಸಿಕ್ಕಿತು.

ಇಲ್ಲ, ಪೂರ್ತಿ ನೀಚನಲ್ಲ ನಾನು. ವೇಷ ಕಳಚಿ, ಮುಖ ತೊಳೆದು, ಕಾರಿನ ಹತ್ತಿರ ಓಡಿದೆ. "ಸರ, ಒಂದು ಮಾತು, ಹರಣಶಿಕಾರಿಗಳಿಗೆ..." ಅಂಗರಕ್ಷಕರು ಎದೆಗೆ ಕೈ ಕೊಟ್ಟು ತಳ್ಳಿದರು. "ಯಾರಪಾ ನೀ?"

"ನಾನ್ರೀ... ಈಗ ಸನ್ಮಾನ ಮಾಡಿದ್ರಲ್ಲ, ಅದ ಹರಣಶಿಕಾರಿ."

"ಏ ಹೋಗ್. ಅಂವ ಬ್ಯಾರೆ ಇದ್ದ."

ನೋಡಿ, ಎಂಥ ನ್ಯಾಯ. ಎಲೆ ಸುತ್ತಿಕೊಂಡಿದ್ದಾಗ ನಾನು ಹರಣಶಿಕಾರಿಯಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಬಟ್ಟೆ ಹಾಕಿಕೊಂಡ ಮೇಲೆ ಹೌದು ಎಂದರೂ ನಂಬಲಿಲ್ಲ. ಅಂಗಿ ಹಾಕಿಕೊಂಡು ಬಂದ ದುರ್ಗಪ್ಪಜ್ಜನ ಪಾಡೇನು ಎಂದು ಅರಿವಾದದ್ದು ಆಗ. ಅರಿವಾಗಿ ಏನು ಉಪಯೋಗ? ಕಾರು ಹೋಗಿತ್ತು.

ಆಮೇಲೆ ಕಚೇರಿಗಳನ್ನು ಅಲೆದೆ. ಈ ಮೇಜಿನವರು ಆ ಮೇಜು ಎಂದರು, ಆ ಮೇಜಿನವರು ಊಟಕ್ಕೆ ಹೋಗಿದ್ದರು. ಕೊನೆಗೆ ನಮ್ಮ ಮ್ಯಾನೇಜರ್ ಸಾಹೇಬರೇ ಚಹಾ ತರಿಸಿ ಸಮಾಧಾನವಾಗಿ ಹೇಳಿದರು.

"ಅಲ್ರೀ, ಅವತ್ತು ಸಾಹೇಬರು ಎಲ್ಲಾರ ಮುಂದನ ಕೇಳಿದ್ರಲ್ಲ, ಏನು ಬೇಕು ಅಂತ? ಅವರ ಮುಖಂಡರು ಏನೂ ಕೇಳಲಿಲ್ಲ. ನಗಿಸಿ ಕುಂತ್ರು. ಈಗ ನಾವು ಏನಂತ ಬರೀಬೇಕು?"

"ಸರ, ಆ ಮುಖಂಡ ನಾನ ಅಲ್ಲೇನ್ರೀ?"

"ಅದು ನನಗ ಗೊತ್ತೈತ್ರಿ. ಮ್ಯಾಲಿನವರಿಗೆ ಗೊತ್ತಿಲ್ಲಲ್ಲ." ಬಿಸ್ಕೀಟು ಮುಂದೆ ಸರಿಸಿದರು.

ಅಷ್ಟರಲ್ಲಿ ನನ್ನ 'ಸೂಕ್ತ ಕ್ರಮ'ದ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ಕಟಿಂಗ್ ಶಾಪಿನಲ್ಲಿ, ಪಾನ್ ಅಂಗಡಿಯಲ್ಲಿ ಜನ ನನ್ನನ್ನು ನಿಲ್ಲಿಸಿ ಅದನ್ನೇ ಕೇಳುತ್ತಿದ್ದರು. ನಾನು ಮಾಡುತ್ತಿದ್ದೆ. (ಸಿಟ್ಟು ಬರುತ್ತಿದೆಯೇ? ನನಗೂ ಬರುತ್ತಿತ್ತು. ಆದರೂ ಮಾಡುತ್ತಿದ್ದೆ.)

ಧೈರ್ಯ ಮಾಡಿ ಒಂದು ದಿನ ಅಜ್ಜನನ್ನು ನೋಡಲು ಹೋದೆ. ಕಿನ್ನಾಳದ ಗಿಳಿಯನ್ನು ಒಯ್ದಿದ್ದೆ. ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಅಜ್ಜ ಎದ್ದು ಕೂರಲಾರದವನಾಗಿದ್ದ. ಗಿಳಿಯನ್ನು ಎದೆಯ ಮೇಲಿಟ್ಟುಕೊಂಡು ಅದರ ಕಾಲು ಮುಟ್ಟಿ ನೋಡಿದ.

"ಛಲೋ ಐತಿ. ಉರುಳಿಗೆ ಸಿಗಂಗಿಲ್ಲ ಇದು."

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಅವತ್ತ ಕೂಗು ಛಲೋ ಬಂತು ತಮ್ಮಾ. ಹಿಂದ ಕುಂತಾಂವಗ ನನಗ ನಮ್ಮಪ್ಪ ಕರದಂಗಾತು" ಎಂದ. ಮೈಕಿನ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ರೇಣವ್ವ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. "ಚಾ ಕುಡದ ಹೋಗು" ಎಂದಳು. ಅವತ್ತು ಅವಳು ನನ್ನನ್ನು ಒಂದು ಸಲವೂ ಆಡಿಕೊಳ್ಳಲಿಲ್ಲ. ಬೈಗುಳಕ್ಕಿಂತ ಅದು ಜೋರಾಗಿ ತಾಗಿತು.

ಹೋದ ವಾರ ಮುಂಜಾನೆ ಫೋನು ಬಂತು. ಯಾರದೋ ಮೊಬೈಲಿನಿಂದ ರೇಣವ್ವ.

"ನಿಮ್ಮಜ್ಜ ಹ್ವಾದ. ಬೇಲಿ ಕಾಯಾಂವ ಒಳಗ ಬಿಡವಲ್ಲ. ನಿನ್ನ ಎಲ್ಲಾರೂ ಗುರ್ತು ಹಿಡೀತಾರಂತಲ್ಲ. ಬಂದು ಮಾತಾಡು."

ಹೋದೆ. ಬೇಲಿಯ ಮುಂದೆ ಹೆಣ ಇಳಿಸಿದ್ದರು. ಬಿದಿರಿನ ಮೇಲೆ, ಅದೇ ಬಿಳಿ ಅಂಗಿ, ಟೋಪಿ. ಬೇಲಿಯ ಒಳಗೆ ಬಣ್ಣದ ಗೂಟಗಳ ನಡುವೆ ಅಜ್ಜನ ಅಪ್ಪ ಅವ್ವನ ತಲೆಗೆ ಇಟ್ಟ ಕಲ್ಲುಗಳು ಕಾಣುತ್ತಿದ್ದವು. ಕಾವಲಿನವನು ಗೇಟಿಗೆ ಅಡ್ಡ ನಿಂತಿದ್ದ. ನಮ್ಮ ಕಡೆಯವನೇ, ಬಡವನೇ. ನನ್ನನ್ನು ನೋಡಿದ ಕೂಡಲೇ ಅವನ ಮುಖ ಅರಳಿತು.

"ನೀವ ಅಲ್ಲೇನ್ರಿ, ಆ ವಿಡಿಯೋದಾಗ ಇರಾವ್ರು? ನನ್ನ ಮಗಳು ದಿನಾ ನೋಡ್ತಾಳ್ರಿ! ಒಮ್ಮೆ ಮಾಡ್ರಿ ಅದನ್ನ."

"ಅಣ್ಣಾ, ಹೆಣ ಐತಿ. ಮೊದಲು ಗೇಟು ತಗಿ."

"ತಗೀಯೂದು ಆಮ್ಯಾಲ ನೋಡೂಣ್ರಿ. ಒಮ್ಮೆ ಮಾಡ್ರಲ್ಲ."

ಹಿಂದಕ್ಕೆ ತಿರುಗಿ ನೋಡಿದೆ. ಹೊತ್ತು ತಂದವರು ನನ್ನನ್ನೇ ನೋಡುತ್ತಿದ್ದರು. ರೇಣವ್ವ ಹೆಣದ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ನಗಿಸಿದರೆ ಕರಗುತ್ತಾನೇನೋ ಎಂದು ನನ್ನ ಲೆಕ್ಕ. ನನಗೆ ಗೊತ್ತಿರುವ ವಿದ್ಯೆ ಅದೊಂದೇ ತಾನೇ? ಹೆಗಲ ಮೇಲಿನ ಟವೆಲು ಎಳೆದುಕೊಂಡೆ. ಕೆಮ್ಮಿದೆ. ಮಾಡಿದೆ. 'ಸೂ' ಎಂದು ಎಳೆದೆ, ದುರ್ಗಪ್ಪಜ್ಜನ ಹೆಣದ ಮುಂದೆ.

ಅವನು ತೊಡೆ ತಟ್ಟಿಕೊಂಡು ನಕ್ಕ. ಕಣ್ಣೊರೆಸಿಕೊಂಡ. ಆಮೇಲೆ ಹೇಳಿದ, "ಭಾಳ ಛಲೋ ಮಾಡ್ತೀರಿ ನೀವು. ಆದ್ರ ಬಿಡಾಕ ಬರಂಗಿಲ್ರಿ. ನನ್ನ ನೌಕರಿ ಹೋಗತೈತಿ."

ಅವನ ಮೇಲೆ ಏನೆಂದು ಸಿಟ್ಟಾಗಲಿ? ನಾನು ಮೈಕಿನ ಮುಂದೆ ಕಾಪಾಡಿಕೊಂಡದ್ದೂ ನನ್ನ ನೌಕರಿಯನ್ನೇ.

ಮ್ಯಾನೇಜರ್ ಸಾಹೇಬರಿಗೆ ಫೋನು ಹಚ್ಚಿದೆ. ಅವತ್ತು ರಜೆ. ಊರಿನ ಹಿರಿಯರ ಹತ್ತಿರ ಓಡಿದೆ. ಅವರು ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟರು. "ಪಾಪ, ಛಲೋ ಮುದುಕ. ನಮ್ಮ ಹುಡುಗರಿಗೆ ಬುಗುರಿ ಮಾಡಿಕೊಡ್ತಿದ್ದ. ಆದ್ರ ನಮ್ಮ ರುದ್ರಭೂಮ್ಯಾಗ ಅವರ ಮಂದೀನ ಹೆಂಗ ಹೂಳಾಕ ಬರತೈತಿ ಹೇಳ್ರಿ? ನಾಳೆ ಊರಾಗ ಮಾತು ಬರತಾವು." ನೀರು ಕುಡಿಯಿರಿ ಎಂದರು. ಕುಡಿದೆ. ವಾಪಸು ಬಂದೆ.

ಬಿಸಿಲು ಏರುತ್ತಿತ್ತು. ಹೆಣ ಕಾಯುವುದಿಲ್ಲ. ಹೆಣವನ್ನು ಮತ್ತೆ ಹೊತ್ತು ಗುಡಿಸಲುಗಳ ಕಡೆಗೇ ತಿರುಗಿದರು. ಮಣ್ಣಿಗೆ ಹೋದವನು ಮನೆಗೆ ವಾಪಸು ಬಂದದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ.

ರೇಣವ್ವನೇ ಮೊದಲು ಗುಡಿಸಲಿನ ಗೂಟ ಕಿತ್ತಳು. ಆಮೇಲೆ ಉಳಿದವರು ಕೈಹಾಕಿದರು. ಸೀರೆ ಬಿಚ್ಚಿದರು, ಕಲ್ಲು ಸರಿಸಿದರು, ತಲೆಕೆಳಗಾಗಿ ಕೈಮುಗಿಯುತ್ತಿದ್ದ ನಾಯಕರನ್ನು ಇಳಿಸಿ ಮಡಚಿ ಪಕ್ಕಕ್ಕಿಟ್ಟರು. ಸುತ್ತಲೂ ಬಂಡೆ. ಮಣ್ಣು ಅಂತ ಇದ್ದದ್ದು ಆ ಗುಡಿಸಲಿನ ನೆಲದಲ್ಲಿ ಮಾತ್ರ, ಅಜ್ಜ ಹಾಸಿಗೆ ಹಾಕುತ್ತಿದ್ದ ಜಾಗದಲ್ಲಿ. ಅಲ್ಲೇ ಹಾರೆ ಹಾಕಿದರು. ನಾನೂ ಅಗೆದೆ. ಗರಸು ಮಣ್ಣು, ಎರಡು ಏಟಿಗೆ ಅಂಗೈಯಲ್ಲಿ ಬೊಬ್ಬೆ ಬಂತು. ಯಾರೋ ಸುಮ್ಮನೆ ನನ್ನ ಕೈಯಿಂದ ಹಾರೆ ತೆಗೆದುಕೊಂಡರು.

ಅಜ್ಜನನ್ನು ಇಳಿಸಿದರು. ಬಿಳಿ ಅಂಗಿಯ ಪಕ್ಕ ರೇಣವ್ವ ಕಿನ್ನಾಳದ ಗಿಳಿಯನ್ನಿಟ್ಟಳು. ಮಣ್ಣು ಎಳೆದರು. ಒಲೆ ಇನ್ನೂ ಅಲ್ಲೇ ಇತ್ತು, ಒಂದು ಮೊಳ ಆಚೆ. ಅದರ ಮೇಲೆ ಹಿಂದಿನ ದಿನದ ಪಾತ್ರೆ.

ಎಲ್ಲರೂ ಕೈಕಾಲು ತೊಳೆದುಕೊಂಡರು. ರೇಣವ್ವ ಕಿತ್ತ ಗುಡಿಸಲಿನ ಸೀರೆಗಳನ್ನು ಮಡಿಲಲ್ಲಿಟ್ಟುಕೊಂಡು ಬಯಲಿನಲ್ಲಿ ಕೂತಿದ್ದಳು. ಮಲಗಲು ಜಾಗವಿಲ್ಲ ಈಗ ಅವಳಿಗೆ. ಇದ್ದ ಜಾಗವನ್ನು ಗಂಡನಿಗೆ ಕೊಟ್ಟಿದ್ದಳು.

ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಯಾವ ಜೋಕೂ ಬರಲಿಲ್ಲ. ಅಳುವೂ ನೆಟ್ಟಗೆ ಬರಲಿಲ್ಲ, ಅದನ್ನೂ ಯಾರನ್ನೋ ನೋಡಿ ಮಾಡುತ್ತಿದ್ದೇನೆ ಅನ್ನಿಸಿತು.

"ಯವ್ವಾ, ತಪ್ಪಾತು. ಅವತ್ತ ನಾ ಹೇಳಬೇ‌ಕಿತ್ತು. ಇನ್ನೊಮ್ಮೆ ಎಲ್ಲಾ ಕಚೇರಿಗೆ ಹೋಗ್ತೀನಿ. ಏನು ಮಾಡ್ಲಿ ಹೇಳು. ನಿಮಗ ಏನು ಬೇಕು?"

ರೇಣವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಸೀರೆಯ ಸೆರಗನ್ನು ಎಡಹೆಗಲ ಮೇಲೆ ಎಳೆದುಕೊಂಡಳು. ಒಮ್ಮೆ ಕೆಮ್ಮಿದಳು.

"ಪರಿಶೀಲಿಸಿ... ಸೂ...ಕ್ತ ಕ್ರಮ ಕೈಗೊಳ್ಳಲಾಗುವುದು."